ಟಿಲ್ಲಿಯ ಹೊಟ್ಟೆಯ ಗಾಯ

ತೂವೂಂಬ, ಜುಲೈ

ಪ್ರೀತಿಯ ಕಿರಾ,

ಭಾನುವಾರ ನೀನು ಕೆಲಸದ ಸೀಗಡಿ ಹಿಡಿಯುವ ದೋಣಿಯಿಂದ ಫೋನ್ ಮಾಡಿ, "ಲೈಲ್, ನನ್ನ ಟಿಲ್ಲಿ ಹೇಗಿದ್ದಾಳೆ?" ಅಂದಾಗ "ಆರಾಮಾಗಿದ್ದಾಳೆ" ಅಂದೆ. ಅದು ಸುಳ್ಳು. ಆಗಲೇ ನಿನ್ನ ಹೆಬ್ಬಾವಿನ ಹೊಟ್ಟೆಯ ಮೇಲೆ ಗುಳ್ಳೆಗಳೆದ್ದಿದ್ದವು.

ಇಲ್ಲಿಯ ಜುಲೈ ಚಳಿ ಜೋರಾದಾಗ ಅವಳ ಗೂಡಿನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿತು. ನಿನ್ನನ್ನು ಕೇಳಿದರೆ, ಅಮ್ಮನ ಹೊಸ ಗಂಡನಿಗೆ ಇಷ್ಟೂ ಗೊತ್ತಿಲ್ಲ ಅಂದುಕೊಳ್ಳುತ್ತೀಯೆಂದು, ಅವಳು ಮಲಗುವ ಬಿಸಿ ಹಾಸನ್ನು ಹತೋಟಿಯಿಲ್ಲದೆ ನೇರವಾಗಿ ಕರೆಂಟಿಗೆ ಜೋಡಿಸಿದೆ. ಹೊಟ್ಟೆ ಕೆಂಪಗಾದದ್ದನ್ನು ಕಂಡೆ. ಪೊರೆ ಬಿಡುವ ಕಾಲವಿರಬೇಕೆಂದು ಸಮಾಧಾನ ಮಾಡಿಕೊಂಡೆ.

ಸೋಮವಾರ ಅವಳನ್ನು ಪಶುವೈದ್ಯೆ ಟರ್ಷಾಳ ಬಳಿ ಒಯ್ದೆ. "ಇದು ಪೊರೆ ಬಿಡೋ ಬಣ್ಣ ಅಲ್ಲ ಲೈಲ್, ಸುಟ್ಟಿದೆ. ಕೆಳಗಿಂದ ಸುಡ್ತಿದ್ರೂ ಹಾವು ಅಲ್ಲೇ ಮಲಗಿರತ್ತೆ. ನೋಡ್ಕೋಬೇಕಾದೋರು ನಾವು," ಅಂದಳು. ಜೀವಕ್ಕೆ ಅಪಾಯವಿಲ್ಲವಂತೆ. ಕಲೆ ಮಾತ್ರ ಹಲವು ಸಲ ಪೊರೆ ಬಿಡುವವರೆಗೂ ಉಳಿಯುತ್ತದಂತೆ.

ಹೊಸ ಥರ್ಮೋಸ್ಟಾಟ್ ಹಾಕಿದ್ದೇನೆ. ಮರದ ಹೊಟ್ಟು ತೆಗೆದು ಬಿಳಿ ಕಾಗದ ಹಾಸಿ, ಬೆಳಿಗ್ಗೆ ಸಂಜೆ ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದೇನೆ. ಅವಳು ಹಿಂದಿನ ಸಲ ಯಾವಾಗ ಪೊರೆ ಬಿಟ್ಟಳೆಂದು ಟರ್ಷಾಗೆ ತಿಳಿಯಬೇಕಂತೆ. ದಡ ಸೇರಿದ ಮೇಲೆ ಅವಳಿಗೇ ಫೋನ್ ಮಾಡು. ನನ್ನೊಡನೆ ಮಾತಾಡದಿದ್ದರೂ ಸರಿ. ಟಿಲ್ಲಿಯನ್ನು ಬೇರೆಯವರ ಮನೆಯಲ್ಲಿ ಬಿಡು ಅಂದರೆ ಬಿಟ್ಟು ಬರುತ್ತೇನೆ.

ಇವತ್ತು ಮುಲಾಮು ಹಚ್ಚುವಾಗ ಟಿಲ್ಲಿ ನನ್ನ ತೋಳಿಗೆ ಸುತ್ತಿಕೊಂಡು ಸುಮ್ಮನಾದಳು. ಮೈಬಿಸಿ ಬೇಕಾಗಿತ್ತೇನೋ, ಅಷ್ಟೇ. ಆದರೂ ಅವಳಾಗಿ ಇಳಿಯುವವರೆಗೆ ಕೈ ಅಲ್ಲಾಡಿಸದೆ ಕೂತಿದ್ದೆ.

ಲೈಲ್