ನಿಪ್ಪಲ್ಲಿನ ತೂತು

ರೀ,

ಕಂದು ಕರುವಿನ ಉಸಿರಾಟ ಕೆಟ್ಟಿದೆ. ಡಾಕ್ಟರು ಫೋನ್ ಎತ್ತುತ್ತಿಲ್ಲ. ಇ-ರಿಕ್ಷಾದಲ್ಲಿ ಹಾಕಿಕೊಂಡು ರೋಹಿಣಿ ಬಡಾವಣೆಯ ದನದ ಆಸ್ಪತ್ರೆಗೆ ಹೊರಟಿದ್ದೇನೆ.

ತಪ್ಪು ನನ್ನದೇ. ಮೂರು ಕರುಗಳಿಗೆ ಬಾಟಲಿ ಹಿಡಿದು ಕೂತರೆ ಬೆಳಗೆಲ್ಲ ಹೋಗುತ್ತದೆಂದು ನಿಪ್ಪಲ್ಲಿನ ತೂತನ್ನು ಕಾದ ಸೂಜಿಯಿಂದ ದೊಡ್ಡದು ಮಾಡಿದ್ದೆ. ಹಾಲು ಧಾರೆಯಾಗಿ ಬಂದು ಶ್ವಾಸಕೋಶಕ್ಕೆ ಇಳಿದಿದೆ. ರಿಕ್ಷಾ ಭಯ್ಯಾ ನೋಡಿದವನೇ, "ಆಂಟೀಜೀ, ಇದು ಉಳಿಯಲ್ಲ" ಅಂದ. "ನೀನೇನು ಡಾಕ್ಟರಾ? ಗಾಡಿ ತಿರುಗಿಸು" ಅಂದೆ.

ಉಳಿದೆರಡೂ ಅದೇ ಬಾಟಲಿಯಲ್ಲಿ ಕುಡಿದಿವೆ. ನೀವು ಆಫೀಸಿನಿಂದ ಬಂದ ಕೂಡಲೇ ಅವುಗಳ ಉಸಿರು ನೋಡಿ. ಹೊಸ ನಿಪ್ಪಲ್ ಕಿಟಕಿಯ ಮೇಲಿದೆ. ಹಾಲು ಉಗುರುಬೆಚ್ಚಗಿರಲಿ. ಬಾಟಲಿಯನ್ನು ಹಸುವಿನ ಕೆಚ್ಚಲಿನಷ್ಟೇ ಎತ್ತರಕ್ಕೆ ಹಿಡಿಯಿರಿ, ಕತ್ತು ಮೇಲೆತ್ತಿಸಬೇಡಿ. ಉಳಿತಾಯವೆಂದು ನೀರು ಬೆರೆಸಬೇಡಿ.

ಕರು ಅಗ್ಗಕ್ಕೆ ಸಿಕ್ಕಿತೆಂದು ಇಬ್ಬರೂ ಹಿಗ್ಗಿದೆವು. ಎರಡು ತಿಂಗಳ ಹಾಲಿಗೇ ಕರುವಿನ ಬೆಲೆಯ ಹತ್ತು ಪಟ್ಟು ಹೋಗುತ್ತದೆ. ಅದು ಕರು ಹಾಕಿ ಹಾಲು ಕೊಡಲು ಇನ್ನೂ ಎರಡೂವರೆ ವರ್ಷ ಕಾಯಬೇಕು. ಒಂದು ಸತ್ತರೆ ಅದರ ಖರ್ಚೂ ಉಳಿದೆರಡರ ತಲೆಯ ಮೇಲೆ. ಇದೆಲ್ಲ ಗೊತ್ತಿದ್ದೂ ಅರ್ಧ ಗಂಟೆ ಉಳಿಸಲು ಹೋದೆ.

ಯಾವುದಾದರೂ ಕೆಮ್ಮಿದರೆ ಹಾಲು ನಿಲ್ಲಿಸಿ, ತಕ್ಷಣ ಫೋನ್ ಮಾಡಿ. ಕೆಮ್ಮದಿದ್ದರೆ ಮಾಡಲೇಬೇಡಿ. "ಹೇಗಿದೆ" ಎಂದು ನೀವು ಕೇಳಿದರೆ ನಾನು ದಾರಿಯಲ್ಲೇ ಅತ್ತುಬಿಡುತ್ತೇನೆ.

ಜಲಜಾ