ಕಾಗದದ ಲಿಥಿಯಂಗೆ ಬೀಗ ಜಡಿದವರಿಗೆ

ಮಾನ್ಯ ವಿಕಿರಣ ಸುರಕ್ಷತಾಧಿಕಾರಿಗಳೇ,

ನೀವು ಸಂಶೋಧನಾಲಯದಲ್ಲಿನ ನನ್ನ ಕೋಣೆಯ ಬಾಗಿಲಿಗೆ 'ವಿಕಿರಣ: ಅಪಾಯ' ಎಂಬ ಹಳದಿ ಫಲಕ ಜಡಿದಿದ್ದರಿಂದ ನನ್ನ ಮೊಮ್ಮಗಳನ್ನು ಎತ್ತಿಕೊಳ್ಳಲು ನನಗೆ ಬಿಡುತ್ತಿಲ್ಲ. ಇದನ್ನು ಖಾಸಗಿಯಾಗಿ ಹೇಳಿ ನೋಡಿದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನನ್ನ ಸಂಶೋಧನೆಯ ಶೀರ್ಷಿಕೆಯಲ್ಲಿ 'ವಿಕಿರಣಶೀಲ' ಎಂಬ ಪದವಿದೆ, ಒಪ್ಪಿದೆ. ಲಿಥಿಯಂ-ಹನ್ನೊಂದು ಎಂಬ ನ್ಯೂಕ್ಲಿಯಸ್ಸಿನ ಅಂಚಿನಲ್ಲಿ ಎರಡು ನ್ಯೂಟ್ರಾನುಗಳು, ಅಂಗಿಯ ಗುಂಡಿ ಒಂದೇ ಎಳೆಯಲ್ಲಿ ಜೋತಾಡುವ ಹಾಗೆ, ಜೋತಾಡಿಕೊಂಡಿರುತ್ತವೆ. ಅದು ನಿಧಾನವಾಗಿ ಸೀಸದ ನ್ಯೂಕ್ಲಿಯಸ್ಸಿನ ಹತ್ತಿರ ಬಂದರೆ ದಿಕ್ಕು ಬದಲಿಸಿ ಚೆದುರುತ್ತದೆಯೋ, ಒಡೆದೇ ಹೋಗುತ್ತದೆಯೋ ಎಂದು ನಾನು ಲೆಕ್ಕ ಹಾಕುತ್ತೇನೆ. ಪೆನ್ಸಿಲ್ ಹಿಡಿದು, ಕಾಗದದ ಮೇಲೆ. ನಿಜವಾದ ಲಿಥಿಯಂ-ಹನ್ನೊಂದನ್ನು ಬಚ್ಚಿಡೋಣವೆಂದರೂ ಮೇಜಿನ ಡ್ರಾಯರ್ ಎಳೆಯುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ತಪಾಸಣೆಗೆ ಬಂದಾಗ ನೀವು ಕೇಳಿದ್ದು ನೆನಪಿದೆಯೇ?

"ಲಿಥಿಯಂ ಎಲ್ಲಿಟ್ಟಿದ್ದೀರಿ?"

"ಕಾಗದದಲ್ಲಿದೆ ಸಾರ್."

"ಮುಚ್ಚಳ ಇಲ್ದೇನಾ? ಸೀಸನೂ ಇದೆ ಅಂದ್ರಲ್ಲ, ಅದೆಲ್ಲಿ?"

"ಅದೂ ಕಾಗದದಲ್ಲೇ."

"ಹಾಗಾದ್ರೆ ತಡೆಯೋಕೆ ಸಾಲಲ್ಲ ಬಿಡಿ. ಬೀಗ ಹಾಕ್ರೋ!"

ವಿಕಿರಣ ತಡೆಯಲು ಸೀಸದ ಗೋಡೆ ಕಟ್ಟುತ್ತಾರೆಂಬುದು ನನಗೂ ಗೊತ್ತು. ಆದರೆ ಕಾಗದದ ಲಿಥಿಯಂಗೆ ಕಾಗದದ ಸೀಸ ಏಕೆ ಸಾಲದು? ಬೆಂಕಿಯ ಚಿತ್ರ ಬಿಡಿಸಿದವರ ಮನೆಗೂ ಅಗ್ನಿಶಾಮಕ ದಳವನ್ನು ಓಡಿಸುತ್ತೀರಾ? ಈಗ ನಾನು ನಿಮ್ಮ ಅಪ್ಪಣೆಯಂತೆ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕುಳಿತು ಅದೇ ಲಿಥಿಯಂನ ಅದೇ ಲೆಕ್ಕ ಮಾಡುತ್ತಿದ್ದೇನೆ. ಅಲ್ಲಿ ಅದು ಅಪಾಯವಲ್ಲವಂತೆ.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂದು ದಿನ ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ, ಏನೋ ಕೊಡಲೆಂದು ಬಂದು ಫಲಕ ನೋಡಿಬಿಟ್ಟರು. ಬಾಣಂತಿ ಮಗಳು ಇರುವುದು ಅವರ ಮನೆಯಲ್ಲೇ. ಅಲ್ಲಿಗೆ ಹೋದರೆ ನನಗೆ ಹೊಸ್ತಿಲ ಪಕ್ಕದಲ್ಲೇ ಕುರ್ಚಿ.

"ಬೇಜಾರ್ ಮಾಡ್ಕೋಬೇಡಿ ಬೀಗ್ರೇ, ಅಲ್ಲಿಂದ್ಲೇ ನೋಡಿ. ಎಳೇ ಕೂಸು."

ನನ್ನ ಹೆಂಡತಿ ನನ್ನ ಪರ ವಾದಿಸದೆ ಇರಲಿಲ್ಲ. "ಇವ್ರು ಜನ್ಮದಲ್ಲಿ ಪೆನ್ಸಿಲ್ ಬಿಟ್ಟು ಏನನ್ನೂ ಮುಟ್ಟಿಲ್ಲ ಕಣ್ರೀ. ತಿಂದ ತಟ್ಟೆ ಕೂಡ ಮುಟ್ಟಲ್ಲ!" ವಾದ ಗೆಲ್ಲಲಿಲ್ಲ, ನನ್ನ ಮಾನ ಮಾತ್ರ ಹೋಯಿತು. ಮಗು ಆಕಳಿಸಿದರೆ ಎಲ್ಲರೂ ಸುತ್ತ ಮುತ್ತಿಕೊಳ್ಳುತ್ತಾರೆ, ನಾನು ಕತ್ತು ಉದ್ದ ಮಾಡಿಕೊಂಡು ಅವರ ಬೆನ್ನು ನೋಡುತ್ತೇನೆ. ನಿಮಗೆ ನಗು ಬರಬಹುದು. ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರಮಾಣಪತ್ರ ಬೇಡ, ಬೀಗಿತ್ತಿ ಅದನ್ನು ನಂಬುವುದಿಲ್ಲ. ಈ ಭಾನುವಾರ ಟಿಕ್ ಟಿಕ್ ಎನ್ನುತ್ತಾ ವಿಕಿರಣ ಅಳೆಯುವ ನಿಮ್ಮ ಯಂತ್ರದ ಸಮೇತ ನೀವೇ ಆ ಮನೆಗೆ ಬನ್ನಿ. ಮೊದಲು ನನ್ನ ಕೈಗೆ ಹಿಡಿಯಿರಿ, ಆಮೇಲೆ ಬೀಗಿತ್ತಿಯ ಕೈಗೆ, ಆಮೇಲೆ ಗೋಡೆಗೆ. ಅಷ್ಟಿಷ್ಟು ವಿಕಿರಣ ಜಗತ್ತಿನಲ್ಲಿ ಎಲ್ಲೆಲ್ಲೂ ಇರುವುದರಿಂದ ಮೂರಕ್ಕೂ ಅದು ಒಂದೇ ರಾಗ ಹಾಡುತ್ತದೆ. ಅದನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿ, ನಿಮ್ಮ ಕೈಯಾರೆ ಮಗುವನ್ನು ನನ್ನ ಮಡಿಲಿಗೆ ಹಾಕಿ. ಮುಂದಿನ ವಾರ, ಸಭೆಯ ನಂತರ ಎನ್ನಬೇಡಿ. ಮೊಮ್ಮಗಳಿಗೆ ಆಗಲೇ ಕತ್ತು ನಿಂತಿದೆ, ಮಡಿಲಲ್ಲಿ ಮಲಗುವ ದಿನಗಳು ಇನ್ನೆಷ್ಟು ಉಳಿದಾವು?

ಇಂತಿ,
ತಾತನ ಹುದ್ದೆಗೆ ನೇಮಕಗೊಂಡೂ ಇನ್ನೂ ಅಧಿಕಾರ ವಹಿಸಿಕೊಳ್ಳಲಾಗದವನು