ಮೂರನೆಯ ಸಲಾಮು

ಆಗ್ರಾ, ಶಾಬಾನ್ ೩, ಸಂಜೆ

ಬೆಳಗ್ಗೆ ಮತ್ತೆ ಮೊಣಕಾಲಿಗೆ ಸಾಸಿವೆಯೆಣ್ಣೆ. ನನ್ನ ಬೇಗಂ ಗುಲ್‌ರುಖ್ ತಾನೇ ತಿಕ್ಕಿದಳು. ಹಕೀಮನನ್ನು ಕರೆಸಿದರೆ ಮಧ್ಯಾಹ್ನದೊಳಗೆ ದರ್ಬಾರಿಗೆಲ್ಲ ಸುದ್ದಿ. ಆಮೇಲೆ ದರ್ಬಾರಿನಲ್ಲಿ, ಅಮೀರರಿಗೆಂದಿರುವ ಬೆಳ್ಳಿ ಕಟಕಟೆಯೊಳಗೆ ನಿಂತದ್ದೇ ನಿಂತದ್ದು. ಬಾದಶಹರ ಎದುರು ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಪಕ್ಕದಲ್ಲಿ ತಾಹಿರ್ ಬೇಗ್, ಗೂಟ ಹೊಡೆದಂತೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹೊಟ್ಟೆ ಉರಿಯಿತು.

ಶಾಬಾನ್ ೭

ದಖ್ಖನ್ನಿನಿಂದ ಸವಾರ ಬಂದ. ಕೋಟೆಗೆ ಮುತ್ತಿಗೆ ಬಿದ್ದಿದೆ. ಒಳಗೆ ನನ್ನ ಫರ್ಹಾದ್... ಕುದುರೆಗಳನ್ನೇ ಕಡಿದು ತಿನ್ನುತ್ತಿದ್ದಾರಂತೆ. ನೆರವಿನ ದಂಡನ್ನು ನನಗೇ ಒಪ್ಪಿಸಿ ಎಂದು ಅರಿಕೆ ಮಾಡಿಕೊಂಡೆ. ತಾಹಿರನೂ ಕೇಳಿದ್ದಾನೆ. ಅವನಿಗೆ ಅದು ಪದವಿ. ನನಗೆ ಮಗ.

ಶಾಬಾನ್ ೮

ಒಪ್ಪಿಗೆ ಸಿಕ್ಕಿತು! ನಾಳಿದ್ದು ದರ್ಬಾರಿನಲ್ಲಿ, ದಂಡಿನ ಮುಖಂಡನಿಗೆ ಕೊಡುವ ಖಿಲ್ಲತ್ತಿನ ನಿಲುವಂಗಿ ಹೊದಿಸುತ್ತಾರೆ. ಹೊದ್ದ ಮೇಲೆ ಮೂರು ಸಲಾಮು — ಬಾಗಿ, ಕೈಯ ಹಿಂಬದಿ ನೆಲಕ್ಕೆ ತಾಗಿಸಿ, ನಿಧಾನಕ್ಕೆ ಎದ್ದು, ಅಂಗೈ ನೆತ್ತಿಗೆ. ಕುದುರೆ ಹತ್ತಬಲ್ಲೆ. ಬಾಗಿ ಏಳುವುದೇ ಕಷ್ಟ. ಮನೆಯಲ್ಲಿ ಮಾಡಿ ನೋಡಿದೆ. ಎರಡನೆಯದಕ್ಕೇ ಮಂಚ ಹಿಡಿದೆ. ಗುಲ್‌ರುಖ್ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ಬಿಟ್ಬಿಡಿ. ತಾಹಿರ್ ಬೇಗ್ರೇ ಹೋಗ್ಲಿ. ನಂಗೆ ಮಗ ಬೇಕು, ಯಾರು ಕರ್ಕೊಂಡು ಬಂದ್ರೇನು?"

ಸಿಟ್ಟು ನೆತ್ತಿಗೇರಿತು. ಅವನು ಕರೆತಂದರೆ ನಾನು ಅಪ್ಪನಾಗಿ ಏನು ಬಂತು? ಊಟ ಮಾಡದೆ ಎದ್ದೆ.

ಶಾಬಾನ್ ೧೦

ಮೊದಲನೆಯದು ಆಯಿತು. ಎರಡನೆಯದೂ. ಮೂರನೆಯದಕ್ಕೆ ಕೈ ನೆಲ ಮುಟ್ಟಿತು, ಕಾಲು ಏಳಲಿಲ್ಲ. ಅಪ್ಪಣೆಯಿಲ್ಲದೆ ಜಾಗ ಬಿಟ್ಟು ಕದಲುವುದು ಅಪರಾಧ. ತಾಹಿರ್ ಕದಲಿದ. ಕಂಕುಳಿಗೆ ಕೈಕೊಟ್ಟು ಎತ್ತಿದ.

ಬಾದಶಹರು ಮುನಿಯಲಿಲ್ಲ. "ಖಾನರು ನಮ್ಮ ತಂದೆಯವರ ಕಾಲದಿಂದ ನಿಂತಿದ್ದಾರೆ. ಇನ್ಮೇಲೆ ಕೋಲು ಹಿಡಿದು ನಿಲ್ಲಲಿ," ಎಂದರು. ರತ್ನ ಕೂರಿಸಿದ ಕೋಲು! ಎಲ್ಲರೂ ಮುಬಾರಕ್ ಹೇಳಿದರು. ಕೋಲು ಹಿಡಿದವನನ್ನು ಯುದ್ಧಕ್ಕೆ ಯಾರು ಕಳಿಸುತ್ತಾರೆ... ದಂಡು ತಾಹಿರನ ಪಾಲಾಯಿತು.

ಶಾಬಾನ್ ೧೪

ಮೂರು ದಿನ ಬರೆಯಲಿಲ್ಲ. ಗುಲ್‌ರುಖ್ ಜೊತೆ ಮಾತೂ ಇಲ್ಲ.

ಇವತ್ತು ದಂಡು ಹೊರಟಿತು. ತಾಹಿರ್ ನಮ್ಮ ಬಾಗಿಲಲ್ಲಿ ಕುದುರೆ ಇಳಿದ. ಪರದೆಯ ಹಿಂದಿನಿಂದ ಗುಲ್‌ರುಖ್ ಒಣ ಜರ್ದಾಳು ಹಣ್ಣಿನ ಚೀಲ ಕಳಿಸಿದಳು, ಫರ್ಹಾದನಿಗೆ ಅದೆಂದರೆ ಪ್ರಾಣ. ನಾನು ಕೋಲು ಗೋಡೆಗೊರಗಿಸಿ ಬಾಗಿದೆ. ಬಾದಶಹರಿಗಲ್ಲದೆ ಯಾರಿಗೂ ಮಾಡಬಾರದ ಸಲಾಮು. ಕೈ ನೆಲ ಮುಟ್ಟುವ ಮೊದಲೇ ಅವನು ಹಿಡಿದುಕೊಂಡ.

"ಬೇಡಿ ಖಾನ್ ಸಾಹೇಬ್ರೇ. ಯಾರಾದ್ರೂ ನೋಡಿದ್ರೆ ಇಬ್ರ ತಲೇನೂ ಹೋಗುತ್ತೆ."

ಆಮೇಲೆ ಮೆಲ್ಲಗೆ, "ಅಪ್ಪ ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ಏನು ಹೇಳ್ಲಿ?" ಎಂದ.

ನಲವತ್ತು ವರ್ಷ ದರ್ಬಾರಿನಲ್ಲಿ ಮಾತಿನಿಂದಲೇ ಬದುಕಿದವನು ನಾನು. ಗೋಡೆಗೊರಗಿಸಿದ್ದ ಕೋಲು ಕೈಗೆತ್ತಿಕೊಂಡೆ. ಅವನು ಕುದುರೆ ಹತ್ತಿದ. ಕೋಲೂರಿಕೊಂಡು ಬೀದಿಯ ತುದಿಯವರೆಗೂ ಹಿಂದೆ ಹೋದೆ, ಲಗಾಮು ಹಿಡಿದು ನಿಲ್ಲಿಸಿದೆ. ಫರ್ಹಾದನಿಗೆ ಹೇಳಿ ಎಂದೆ, ನಿಮ್ಮಪ್ಪನಿಗೆ ಮೂರನೆಯ ಸಲಾಮಿನಿಂದ ಏಳಲಾಗಲಿಲ್ಲ, ಅದಕ್ಕೇ ನನ್ನನ್ನು ಕಳಿಸಿದ್ದಾರೆ ಅಂತ.